ಅಪ್ಪ ನಿನ್ನಲ್ಲಿಗೆ ಹೊರಟಿದ್ದರು

ಅಂಗಡಿಯ ಮೇಲಿನ ಮನೆ,
ಭಾನುವಾರ, ಜುಲೈ ೧೪

ಪ್ರೀತಿಯ ಗುಂಡೀ,

ಹೇಗಿದ್ದೀಯಮ್ಮ? ನಿದ್ದೆ ಬರುತ್ತಿದೆಯಾ? ಕಳೆದ ಸಲ ನಾನು ಅಲ್ಲಿಗೆ ಬಂದಾಗ ನೀನು ಲೋಟ ಎತ್ತಿ ನೀರು ಕುಡಿದೆ, ಒಂದು ಹನಿಯೂ ಚೆಲ್ಲಲಿಲ್ಲ. ನಾನು ಕಿಟಕಿಯ ಕಡೆ ತಿರುಗಿ ಕೂತಿದ್ದೆ, ಆದರೆ ಗಮನವೆಲ್ಲ ನಿನ್ನ ಕೈಮೇಲೇ ಇತ್ತು. ಅಡುಗೆಮನೆ ಕೆಲಸಕ್ಕೆ ಹಾಕಿದ್ದಾರೆ, ಈರುಳ್ಳಿ ಹೆಚ್ಚುವಾಗ ಅಳೋಕೆ ಒಳ್ಳೆ ನೆಪ ಸಿಕ್ಕಿದೆ ಅಂತ ನಗಾಡಿದೆಯಲ್ಲ, ಆ ನಗು ನೋಡಿ ಎಷ್ಟು ಕಾಲವಾಗಿತ್ತು! ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಎಂದರೆ ಹೊತ್ತಿಗೆ ಸರಿಯಾಗಿ ತಟ್ಟೆಯ ಮುಂದೆ ಕೂರುತ್ತೇನೆ, ಅಷ್ಟೆ. ನಿನ್ನ ಅಣ್ಣ ದಿನಾ ಕೆಲಸ ಮುಗಿಸಿಕೊಂಡು ಬಂದು ನೋಡಿ ಹೋಗುತ್ತಾನೆ.

ಮೊನ್ನೆ ಫೋನಿನಲ್ಲಿ ನೀನು ಒಂದೇ ಒಂದು ಮಾತು ಕೇಳಿದೆ. "ಅಪ್ಪ ನನ್ನ ಬಗ್ಗೆ ಏನಾದ್ರೂ ಹೇಳಿದ್ರಾ?" ಬಾಯಿ ತೆರೆಯುವಷ್ಟರಲ್ಲಿ ನನಗೆ ಅಳು ಬಂತು. ನೀನು ಅದನ್ನೇ ಉತ್ತರ ಅಂದುಕೊಂಡು ಫೋನ್ ಇಟ್ಟುಬಿಟ್ಟೆ. "ಅಪ್ಪ ಸಿಟ್ಟು ಇಟ್ಟುಕೊಂಡೇ ಹೋದರು, ಅದಕ್ಕೇ ಮಣ್ಣಿಗೂ ನಾನು ಹೋಗಲಿಲ್ಲ" ಅಂತ ಅಲ್ಲಿಯ ಡಾಕ್ಟರಮ್ಮನ ಹತ್ತಿರ ಹೇಳಿದೆಯಂತೆ. ಅವರೇ ನನಗೆ ತಿಳಿಸಿದರು. ಹಾಗಾಗಿ ಬರೆಯಲು ಕೂತಿದ್ದೇನೆ. ಫೋನಿನಲ್ಲಾದರೆ ಮತ್ತೆ ಅಳುತ್ತೇನೆ. ಇಲ್ಲಿ ಎಷ್ಟು ಅತ್ತರೂ ನಿನಗೆ ಕೇಳಿಸುವುದಿಲ್ಲ, ಹೇಳಬೇಕಾದ ಮಾತು ಮಾತ್ರ ತಲುಪುತ್ತದೆ.

ಸಿಟ್ಟು ಇರಲಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕದ್ದಳು ಎಂದು ನಿನ್ನನ್ನು ಕೆಲಸದಿಂದ ತೆಗೆದಾಗ ಅವರು ನಂಬಲಿಲ್ಲ. ಆಪರೇಷನ್ ಕೋಣೆಯ ನರ್ಸು ನನ್ನ ಮಗಳು ಎಂದು ಸೋಫಾ ರಿಪೇರಿಗೆ ಬಂದವರಿಗೆಲ್ಲ ಹೇಳಿಕೊಂಡವರು ಹೇಗೆ ನಂಬಿಯಾರು? ಆಮೇಲೆ ಒಂದು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದರೆ ನೀನು ಸ್ಪಂಜಿನ ಸುರುಳಿಗಳ ನಡುವೆ ಬಿದ್ದಿದ್ದೆ, ತೋಳಿನಲ್ಲಿ ಸೂಜಿ ಹಾಗೇ ಇತ್ತು. ಆಂಬುಲೆನ್ಸಿಗೂ ಕಾಯದೆ ನಿನ್ನನ್ನು ಹೆಗಲ ಮೇಲೆ ಹಾಕಿಕೊಂಡು ಓಡಿದರು. ನೀನು ಬದುಕಿಕೊಂಡೆ. ಮನೆಗೆ ಬಂದು ಅಪ್ಪ ಒಂದೇ ಮಾತು ಹೇಳಿದರು: "ಸೂಜಿ ಹಿಡಿದೇ ಇವಳಿಗೆ ಅನ್ನ ಹಾಕಿದೆ. ಅದೇ ಸೂಜಿ ಇವಳನ್ನ ನನ್ನಿಂದ ಕಿತ್ಕೊಳ್ತು." ಅಲ್ಲಿಂದ ನಿನ್ನ ಹೆಸರೆತ್ತಲಿಲ್ಲ. ಆ ಚಟ ಬಿಡಿಸುವ ಕೇಂದ್ರಕ್ಕೆ ನಿನ್ನನ್ನು ನೋಡಲು ನಾನು ಹೊರಟಾಗಲೆಲ್ಲ ಬಸ್ ನಿಲ್ದಾಣದವರೆಗೆ ಚೀಲ ಹೊತ್ತು ಬರುವರು, ನನ್ನನ್ನು ಹತ್ತಿಸಿ ತಿರುಗಿಯೂ ನೋಡದೆ ಹೋಗುವರು. ಸಂಜೆ ನಾನು ಇಳಿಯುವ ಹೊತ್ತಿಗೆ ಅಲ್ಲೇ ನಿಂತಿರುವರು. ಹೇಗಿದ್ದಾಳೆ ಅಂತ ಬಾಯಿಬಿಟ್ಟು ಕೇಳಿದವರಲ್ಲ. "ಬಸ್ಸಲ್ಲಿ ಸೀಟು ಸಿಕ್ತಾ?" ಎನ್ನುವರು. ನಾನು ಸೀಟಿನ ಸುದ್ದಿಯ ಜೊತೆಗೇ ನಿನ್ನ ಸುದ್ದಿಯನ್ನೂ ಹೇಳುವೆ. ಕಿವುಡರಂತೆ ಮುಂದೆ ಮುಂದೆ ನಡೆಯುವರು, ಆದರೆ ಹೆಜ್ಜೆ ಮಾತ್ರ ನಿಧಾನ.

ಬೆನ್ನುನೋವನ್ನು ಮುಚ್ಚಿಟ್ಟುಕೊಂಡಿದ್ದರು. ಬಗ್ಗಿ ಹೊಲಿಯುವವರಿಗೆ ಬೆನ್ನುನೋವು ಬಾರದೆ ಇನ್ನೇನು ಬರುತ್ತದೆ ಎಂದು ನಾನೂ ಸುಮ್ಮನಿದ್ದೆ. ಕೊನೆಗೆ ನಿನ್ನ ಅಣ್ಣ ಬೆನ್ನಮೇಲೆ ಹೊತ್ತು ಮೆಟ್ಟಿಲಿಳಿಸಿ ಆಸ್ಪತ್ರೆಗೆ ಕರೆದೊಯ್ಯುವ ಹೊತ್ತಿಗೆ ಕ್ಯಾನ್ಸರ್ ಗಡ್ಡೆ ಮೂಳೆಯವರೆಗೂ ಇಳಿದಿತ್ತು. ಮನೆಗೆ ಕರೆದುಕೊಂಡು ಹೋಗಿ, ನೋವಿಲ್ಲದಂತೆ ನೋಡಿಕೊಳ್ಳಿ ಅಂದರು ಡಾಕ್ಟರು. ಆಸ್ಪತ್ರೆಯ ಹಾಸಿಗೆ ಬಿಟ್ಟು ಬರುವಾಗ, "ಇದಕ್ಕೆ ಹತ್ತಿ ತುಂಬಿದವನನ್ನ ಕರ್ಕೊಂಡು ಬಂದು ಇದರ ಮೇಲೇ ಮಲಗಿಸಿ, ಬುದ್ಧಿ ಬರುತ್ತೆ" ಅಂದರು ನಿನ್ನ ಅಪ್ಪ. ಡಾಕ್ಟರೂ ನಕ್ಕರು. ಆಮೇಲೆ ನೋವಿಗೆ ಹನಿ ಔಷಧಿ ಬರೆದುಕೊಟ್ಟಾಗ ಅಪ್ಪ ಅದರ ಹೆಸರನ್ನು ಎರಡು ಸಲ ಹೇಳಿಸಿಕೊಂಡು, "ಇದು ಆ ಇಂಜೆಕ್ಷನ್ ಜಾತಿಯದೇ ತಾನೆ ಸ್ವಾಮಿ?" ಎಂದು ಕೇಳಿದರು. ಅವರು ಮುಚ್ಚಿಡಲಿಲ್ಲ, ಹೌದು ಅಂದರು. "ನನ್ನ ಮಗಳನ್ನ ತಿಂದದ್ದು ನನ್ನ ಬಾಯಿಗೆ ಬೇಡ."

ಆ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ನೀನು ನರ್ಸು, ಆ ನೋವು ಎಂಥದ್ದು ಎಂದು ನಿನಗೆ ಗೊತ್ತು. ರೆಕ್ಸಿನ್ ಚೂರೊಂದನ್ನು ಮಡಿಸಿ ಹಲ್ಲಿನ ನಡುವೆ ಕಚ್ಚಿಕೊಂಡು ಮಲಗಿರುತ್ತಿದ್ದರು, ಕೂಗು ಕೆಳಗಿನ ಅಂಗಡಿಗೆ ಕೇಳಬಾರದು ಎಂದು. ಅಣ್ಣ ಕಾಲು ಹಿಡಿದು ಬೇಡಿದ. ಮನೆಗೆ ಬರುವ ನರ್ಸಮ್ಮ ಕೂತು ತಿಳಿಹೇಳಿದರು. ಯಾರ ಮಾತಿಗೂ ಜಗ್ಗಲಿಲ್ಲ. ಕಡೆಗೆ ನನ್ನ ಸಹನೆಯ ಕಟ್ಟೆಯೊಡೆಯಿತು. "ರೀ, ನಿಮ್ಮ ಹಠಕ್ಕೆ ನಾನ್ಯಾಕೆ ಸಾಯಬೇಕು? ನೋಡ್ತಾ ಕೂರೋಳು ನಾನಲ್ವಾ?" ಎಂದು ಜೋರಾಗಿಯೇ ಕೂಗಿದೆ. ಇಷ್ಟು ವರ್ಷದಲ್ಲಿ ನಾನು ಅವರ ಮೇಲೆ ದನಿ ಎತ್ತಿದವಳಲ್ಲ. ದಿಗಿಲುಬಿದ್ದ ಮಗುವಿನ ಹಾಗೆ ನನ್ನನ್ನೇ ನೋಡಿದರು. ಬಾಯಿಂದ ರೆಕ್ಸಿನ್ ತೆಗೆದು ಬಾಯಿ ತೆರೆದರು.

ಹನಿ ಹಾಕಿದ ಸ್ವಲ್ಪ ಹೊತ್ತಿಗೆ ಮುಷ್ಟಿ ಬಿಚ್ಚಿತು, ಹುಬ್ಬಿನ ಗಂಟು ಸಡಿಲವಾಯಿತು. ನಿದ್ದೆ ಹೋದರೆಂದು ನಾನು ಎದ್ದೇಳಲು ಹೋದರೆ ಸೆರಗು ಹಿಡಿದರು. ಕಣ್ಣಿನಿಂದ ನೀರು ಕಿವಿಯತ್ತ ಇಳಿಯುತ್ತಿತ್ತು. "ಇದು ಇಷ್ಟು ಹಿತವಾಗಿರುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೇ" ಅಂದರು. ಸೆರಗು ಬಿಡದೆಯೇ ಮತ್ತೆ, "ನನಗೆ ಮೂಳೆ ನೋವು ಅಂತ ಕೊಟ್ರು. ನಮ್ಮ ಗುಂಡಿಗೆ ಯಾವ ನೋವಿತ್ತು? ನಾವ್ಯಾರೂ ಕೇಳ್ಲೇ ಇಲ್ವಲ್ಲ" ಅಂದರು. ಹೌದಮ್ಮ, ಗುಂಡಿ ಅಂತಲೇ ಅಂದರು. ನೀನು ಚಿಕ್ಕವಳಿದ್ದಾಗ ಸೋಫಾದ ಗುಂಡಿಗಳನ್ನು ಕದ್ದು ಜೇಬಿಗೆ ತುಂಬಿಕೊಳ್ಳುತ್ತಿದ್ದೆ ಎಂದು ಅವರೇ ಇಟ್ಟ ಹೆಸರು. ಎರಡು ವರ್ಷದಿಂದ ಅವರ ಬಾಯಲ್ಲಿ ಆ ಹೆಸರು ಕೇಳಿರಲಿಲ್ಲ.

ಅಂದು ನಾವಿಬ್ಬರೂ ನಿನ್ನ ಮಗುವಿನ ಬಗ್ಗೆ ಮಾತಾಡಿದೆವು. ಉಸಿರಿಲ್ಲದೆ ಹುಟ್ಟಿದ ಆ ಕಂದನನ್ನು ಬಟ್ಟೆಯಲ್ಲಿ ಸುತ್ತಿ ಒಯ್ದವರು ನಿನ್ನ ಅಪ್ಪನೇ. ನಿನಗೆ ಮುಖ ತೋರಿಸಬೇಡಿ ಎಂದು ಯಾರೋ ಹೇಳಿದರು, ನಾವೂ ಹೂಂ ಅಂದೆವು. ಇನ್ನೊಂದು ಆಗುತ್ತೆ ಬಿಡು ಅಂದರು ಬಂದವರೆಲ್ಲ. ಎದೆಹಾಲು ಬತ್ತುವ ಮೊದಲೇ ನೀನು ಕೆಲಸಕ್ಕೆ ಹೋದೆ, ಗಟ್ಟಿಗಿತ್ತಿ ಎಂದು ಹೊಗಳಿದೆವು. ನಿನ್ನ ಗಂಡ ತನ್ನ ದಾರಿ ನೋಡಿಕೊಂಡ. ನೀನು ಯಾರ ಮುಂದೆಯೂ ಅಳಲಿಲ್ಲ. ಅಪ್ಪ ಹೇಳಿದರು: "ಅದರ ಮೂಗು ಥೇಟ್ ಗುಂಡಿದೇ ಇತ್ತು. ಅವಳಿಗೆ ಹೇಳ್ಬೇಕು." ಈಗ ಹೇಳಿದ್ದೇನೆ ಮಗಳೇ. ಇದನ್ನು ಬರೆಯಬೇಕೋ ಬೇಡವೋ ಎಂದು ಬೆಳಿಗ್ಗೆಯಿಂದ ತೊಳಲಾಡಿದೆ. ಆದರೆ ಅದು ನಿನಗೆ ಸೇರಿದ ಮಾತು, ನನ್ನ ಹತ್ತಿರ ಇಟ್ಟುಕೊಳ್ಳಲು ನಾನ್ಯಾರು?

ಆಮೇಲೆ ಅವರಿಗೆ ನಿನ್ನ ಬಳಿಗೆ ಬರಬೇಕೆಂಬ ಗೀಳು ಹತ್ತಿತು. ಅವಳನ್ನೇ ಕರೆಸೋಣ ಎಂದು ಅಣ್ಣ ಅಂದದ್ದಕ್ಕೆ ರೇಗಿದರು. "ಮುಖ ತಿರುಗಿಸಿಕೊಂಡೋನು ನಾನು. ನಾನೇ ಹೋಗ್ಬೇಕು. ಅವಳು ಯಾಕೆ ಬರ್ಬೇಕು?" ಕಾರಿನ ಹಿಂದಿನ ಸೀಟಿಗೆ ಒಂದು ಮೆತ್ತೆ ಬೇಕೆಂದರು. ಇವರು ಮಲಗಿದಲ್ಲಿಂದಲೇ ಹೇಳುವುದು, ನಾನು ಹೊಲಿಯುವುದು. "ಅಯ್ಯೋ, ಅದೇನು ಹೊಲಿಗೆನೋ ಮುಳ್ಳುಬೇಲಿನೋ!" ಎಂದು ಬೈಸಿಕೊಂಡೇ ಹೊಲಿದೆ. ಆ ಭಾನುವಾರವೇ ಹೊರಡುವುದೆಂದು ಕಾರಿನವನಿಗೂ ಹೇಳಿಯಾಗಿತ್ತು. ಶುಕ್ರವಾರ ಅಣ್ಣನಿಂದ ಗಡ್ಡ ಮಾಡಿಸಿಕೊಂಡರು. ಊಟವಾದ ಮೇಲೆ ಏದುಸಿರು ಶುರುವಾಯಿತು. ನರ್ಸಮ್ಮ ಬರುವಷ್ಟರಲ್ಲಿ ಮುಗಿದಿತ್ತು. ಒದ್ದಾಡಲಿಲ್ಲ, ನನ್ನ ಕೈ ಹಿಡಿದೇ ಇದ್ದರು. ಕೊನೆಗೆ ಅವರು ಕೇಳಿದ್ದು, ಭಾನುವಾರ ಬಂತಾ ಅಂತ.

ಅಪ್ಪ ನಿನ್ನ ಬಗ್ಗೆ ಏನಾದರೂ ಹೇಳಿದರೇ ಎಂದು ಕೇಳಿದೆಯಲ್ಲ. ಇನ್ನೊಂದು ಮಾತು ಹೇಳಿದ್ದರು, ಔಷಧಿ ಕುಡಿಸಿ ಬಾಯಿ ಒರೆಸುತ್ತಿದ್ದಾಗ. "ಹೊತ್ತು ತಪ್ಪಿದ್ರೆ ನನ್ನ ಜೀವವೇ ಇದಕ್ಕೆ ಬಾಯಿಬಿಡುತ್ತೆ. ಅವಳು ಇದನ್ನ ಬಿಟ್ಟು ದಿನ ದೂಡ್ತಿದಾಳೆ. ನಮ್ಮನೇಲಿ ನಿಜವಾದ ಗಟ್ಟಿಗಿತ್ತಿ ಅಂದ್ರೆ ಈಗ ಅವಳೇ."

ಹೊಟ್ಟೆತುಂಬ ತಿನ್ನು, ಡಾಕ್ಟರಮ್ಮನ ಮಾತು ಕೇಳು. ಅಳಬೇಕೆನ್ನಿಸಿದರೆ ಈರುಳ್ಳಿಗೆ ಕಾಯಬೇಡ. ನಿನ್ನ ಜೊತೆಯಲ್ಲಿರುವ ಹೆಣ್ಣುಮಕ್ಕಳಿಗೆಲ್ಲ ನನ್ನ ಆಶೀರ್ವಾದ ತಿಳಿಸು. ನಿನಗೆ ನನ್ನ ಆಯಸ್ಸೂ ಸೇರಿ ಇರಲಿ.

ನಿನ್ನ,
ಅಮ್ಮ

ಮರೆತೆ: ಮುಂದಿನ ತಿಂಗಳು ನಿನ್ನನ್ನು ಕಳಿಸುತ್ತಾರಂತೆ. ಎಲ್ಲಾದರೂ ಹಾಸ್ಟೆಲಿನಲ್ಲಿರಲಿ ಎನ್ನುತ್ತಾನೆ ಅಣ್ಣ, ಅವನು ಹೆದರಿದ್ದಾನೆ, ಬೇಜಾರು ಮಾಡಿಕೊಳ್ಳಬೇಡ. ನೀನು ನೇರ ಮನೆಗೇ ಬಾ. ಅಪ್ಪನ ಔಷಧಿ ಉಳಿದದ್ದನ್ನು ನರ್ಸಮ್ಮನ ಕೈಗೆ ಕೊಟ್ಟು ಕಳಿಸಿದೆ. ನನ್ನ ಮಂಡಿನೋವಿನ ಮಾತ್ರೆಯನ್ನೂ ಪಕ್ಕದ ಮನೆಯಲ್ಲಿಟ್ಟಿದ್ದೇನೆ, ಬೇಕಾದಾಗ ಹೋಗಿ ನುಂಗಿ ಬರುತ್ತೇನೆ. ಇದನ್ನು ಅನುಮಾನ ಅಂದುಕೊಳ್ಳಬೇಡ ಮಗಳೇ. ಅನುಮಾನವೇ ಅಂದುಕೊಂಡರೂ ಸರಿ, ಬಾ.