ಹನ್ನೊಂದನೆಯ ಗುರಿಗೆ ಬಿದ್ದ ಚೀಟಿ

ಜುಲೈ ೧೪, ಸೋಮವಾರ

ಮಗಳೇ,

ಅಮ್ಮನ ಆಶೀರ್ವಾದ. ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲ. ಕೈಗೇನೂ ಆಗಿರಲಿಲ್ಲ, ಮನಸ್ಸಾಗಲಿಲ್ಲ, ಅಷ್ಟೆ. ನನ್ನ ಮೊಣಕಾಲು ಹೇಗೋ ಇದೆ. ನಿನ್ನ ಅಣ್ಣನಿಗೆ ಪಾಳಿ ಬದಲಾಗಿದೆ. ನಿಮ್ಮಪ್ಪ ಆರೋಗ್ಯವಾಗಿದ್ದಾರೆ.

ತಡವಾದದ್ದಕ್ಕೆ ಅರ್ಧ ಕಾರಣ ನಿನ್ನ ಕೆಲಸವೇ. ಮಾನವ ಹಕ್ಕು, ಸುಸ್ಥಿರ ಅಭಿವೃದ್ಧಿ ಎಂದು ನೀನು ಅಲ್ಲಿಯ ನಗರಸಭೆಯಲ್ಲಿ ಮಾಡುವುದೆಲ್ಲ ಈಗ ನಮ್ಮ ನಗರಸಭೆಗೂ ಅಂಟಿದೆ. ಕಚೇರಿಯ ಗೋಡೆಗೆ ವಿಶ್ವಸಂಸ್ಥೆಯ ಹದಿನೇಳು ಗುರಿಗಳೆಂದು ಹದಿನೇಳು ಬಣ್ಣದ ಚೌಕ ಬಳಿದಿದ್ದಾರೆ. ಅದೇ ಗೋಡೆಯ ನಲ್ಲಿ ತಿರುಗಿಸಿದರೆ ಬರೀ ಕೆಮ್ಮುತ್ತದೆ. ಹಕ್ಕು ಕೊಡುತ್ತೇವೆ ಎಂದು ಯಾರಾದರೂ ಬಾಗಿಲಿಗೆ ಬಂದರೆ, ಏನು ಕಿತ್ತುಕೊಳ್ಳಲು ಬಂದಿದ್ದಾರೆ ಎಂದು ಮೊದಲು ನೋಡಬೇಕು. ಬಂದ ಅಧಿಕಾರಿ ನಿನ್ನ ವಯಸ್ಸಿನ ಹುಡುಗಿ. ನನ್ನ ಮಾತನ್ನು ಇಡೀ ಬೀದಿ ಕೇಳುತ್ತದಂತೆ, ಅದಕ್ಕೆ ವಾರ್ಡ್ ಸಮಿತಿಗೆ ನಾನೇ ಅಧ್ಯಕ್ಷೆಯಾಗಬೇಕಂತೆ. ಬೆಣ್ಣೆ ಹಚ್ಚುತ್ತಿದ್ದಾಳೆಂದು ಗೊತ್ತಾಯಿತು. ಆದರೂ ಒಪ್ಪಿದೆ. ಇಂಥವರನ್ನು ದೂರದಿಂದ ನೋಡುವುದಕ್ಕಿಂತ ಮಗ್ಗುಲಲ್ಲೇ ಕೂತು ನೋಡುವುದು ಮೇಲು.

ಅವರ ಪದ್ಧತಿ ಕೇಳು. ಶಾಲೆಯ ಜಗಲಿಯಲ್ಲಿ ಬೀಗ ಹಾಕಿದ ಪೆಟ್ಟಿಗೆ ಇಡುತ್ತಾರೆ. ತಮಗೇನು ಇಲ್ಲವೋ ಅದನ್ನು ಜನ ಹೆಸರು ಹಾಕದೆ ಚೀಟಿಯಲ್ಲಿ ಬರೆದು ಹಾಕಬೇಕು. ಸಭೆಯಲ್ಲಿ ಅಧ್ಯಕ್ಷೆ ಒಂದೊಂದನ್ನೇ ಗಟ್ಟಿಯಾಗಿ ಓದಬೇಕು, ಗುಮಾಸ್ತ ಅದನ್ನು ಹದಿನೇಳರಲ್ಲಿ ಯಾವುದಾದರೊಂದು ಗುರಿಯ ಕೆಳಗೆ ಬರೆದುಕೊಳ್ಳಬೇಕು. ಚಾಡಿ ಹೇಳಲು ಸರ್ಕಾರವೇ ಪೆಟ್ಟಿಗೆ ಮಾಡಿಸಿಕೊಟ್ಟಿತಲ್ಲ ಎಂದೆ. ಹುಡುಗಿ ನಕ್ಕಳು.

ಬೀದಿದೀಪ, ಚರಂಡಿ, ಗಾಲಿಕುರ್ಚಿ ಹತ್ತದ ಆಸ್ಪತ್ರೆ ಮೆಟ್ಟಿಲು, ಎಲ್ಲ ಓದಿದೆ. ಆಮೇಲೆ ಸೊಟ್ಟ ಅಕ್ಷರದ ಒಂದು ಚೀಟಿ ಬಂತು: "ನಮ್ಮ ಮನೆಯ ಬಾಗಿಲ ಪಕ್ಕ ಒಂದು ಸ್ಲೇಟಿದೆ. ಹೊರಗೆ ಹೋಗುವವರು ಎಲ್ಲಿಗೆ, ಯಾಕೆ, ಎಷ್ಟು ಹೊತ್ತಿಗೆ ವಾಪಸು ಎಂದು ಬರೆದೇ ಹೋಗಬೇಕು. ಯಾರೂ ಏನೂ ಕೇಳದೆ ಒಂದು ಗಂಟೆ ಕೂರಲು ವಾರ್ಡಿನಲ್ಲಿ ಒಂದು ಜಾಗ ಬೇಕು."

ನಾನು ಸ್ಲೇಟು ತೂಗುಹಾಕಿದ ನಮ್ಮ ಮನೆ ಬಿಟ್ಟರೆ ಅಂಥದ್ದು ಈ ವಾರ್ಡಿನಲ್ಲಿ ಇನ್ಯಾವುದಿದೆ? ದರ್ಜಿಯ ಹೆಂಡತಿ ಕೆಮ್ಮುವ ನೆಪದಲ್ಲಿ ಬಾಯಿ ಮುಚ್ಚಿಕೊಂಡಳು. ಗುಮಾಸ್ತ ಮಾತ್ರ ತಲೆ ಎತ್ತದೆ, "ಇದು ಹನ್ನೊಂದಕ್ಕೆ ಬರುತ್ತಮ್ಮ, ಎಲ್ಲರಿಗೂ ಸಾರ್ವಜನಿಕ ಜಾಗ" ಎಂದು ಬರೆದುಕೊಂಡ. ನನ್ನ ಮರ್ಯಾದೆ ಹನ್ನೊಂದನೆಯ ಗುರಿಯ ಪಾಲಾಯಿತು.

ನನ್ನ ಅನುಮಾನ ನೇರವಾಗಿ ನಿನ್ನ ಅತ್ತಿಗೆಯ ಮೇಲೆ ಹೋಯಿತು. ಹೇಳಿಕೊಟ್ಟವಳು ನೀನೇ ಎಂದೂ ಅಂದುಕೊಂಡೆ. ಅದಕ್ಕೇ ನಿನಗೆ ಬರೆಯಲಿಲ್ಲ. ಅವಳ ಕೈಯಲ್ಲಿ ದಿನಸಿ ಪಟ್ಟಿ ಬರೆಸಿದೆ, ಒಮ್ಮೆ ಬಲಗೈಯಲ್ಲಿ, ಒಮ್ಮೆ ಎಡಗೈಯಲ್ಲಿ. ಎರಡನ್ನೂ ಬರೆದುಕೊಟ್ಟು ಅವಳು ಹೇಳಿದ್ದಿಷ್ಟು: "ನಾನು ಬರೆಯೋದಾಗಿದ್ರೆ ಆ ಸ್ಲೇಟಿನ ಮೇಲೇ ಬರೀತಿದ್ದೆ ಅತ್ತೆ." ಅಹಂಕಾರ ಎಂದುಕೊಂಡೆ. ಬೀರುವಿನ ಬೀಗದಕೈ ಕಿತ್ತುಕೊಂಡೆ, ಹದಿನೈದು ದಿನ ಮಾತು ಬಿಟ್ಟೆ. ಅವಳು ತವರಿಗೆ ಹೊರಟಳು. ಬೇರೆ ಮನೆ ನೋಡುತ್ತೇನೆ ಎಂದ ನಿನ್ನ ಅಣ್ಣ. ಮನೆ ಎರಡಾಗುವುದರಲ್ಲಿತ್ತು.

ಅಷ್ಟರಲ್ಲಿ ಬರೆದವರು ಯಾರೆಂದು ತಿಳಿಯಿತು. ಅವಳಲ್ಲ, ನೀನು ಹೇಳಿಕೊಟ್ಟದ್ದೂ ಅಲ್ಲ. ಬೀಗದಕೈ ಅವಳಿಗೇ ಕೊಟ್ಟಿದ್ದೇನೆ. ತಪ್ಪಾಯಿತು ಎನ್ನಲು ನನ್ನ ನಾಲಗೆ ತಿರುಗುವುದಿಲ್ಲ ಎಂದು ನಿನಗೆ ಗೊತ್ತು. ಚಹಾ ಮಾಡಿ ನಾನೇ ಅವಳ ಕೋಣೆಗೆ ಒಯ್ದುಕೊಟ್ಟೆ. ಆ ವಿಷಯ ಇಲ್ಲಿಗೆ ಸಾಕು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಊರವರ ಹಕ್ಕು ನೋಡುವ ಭರದಲ್ಲಿ ನಿನ್ನ ನಿದ್ದೆ ಕೆಡಿಸಿಕೊಳ್ಳಬೇಡ. ಎಲ್ಲಿದ್ದರೂ ತಲೆ ಎತ್ತಿಕೊಂಡು ಬಾಳು.

ನಿನ್ನ ಅಮ್ಮ

ಇನ್ನೊಂದು ಮಾತು: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಬರೆದವರು ನಿಮ್ಮಪ್ಪ. ಸೊಸೆ ಚೀಲ ಹಿಡಿದು ಹೊರಟಾಗ ಹೊಸಿಲಿಗೆ ಅಡ್ಡ ನಿಂತು, "ಅದು ನಾನು ಕಣೇ ಬರೆದಿದ್ದು. ಆ ಹುಡುಗೀನ ಬಿಟ್ಟುಬಿಡು" ಎಂದರು. ನಲವತ್ತು ವರ್ಷ ಒಂದೇ ಸೂರಿನಡಿ ಇದ್ದು ನನಗೆ ಒಂದು ಮಾತು ಹೇಳಬಾರದಿತ್ತೇ, ನಗರಸಭೆಗೇಕೆ ಹೇಳಿದಿರಿ ಎಂದು ಕೇಳಿದೆ. "ಏನು ಬೇಕು ಅಂತ ಅವರು ಕೇಳಿದ್ರು" ಎಂದರು. ಅಷ್ಟೇ.

ಆ ಚೀಟಿಯ ಲೆಕ್ಕಕ್ಕೆ ನಗರಸಭೆಯವರು ಹಳೆಯ ಪಂಪ್‌ಹೌಸಿನ ಪಕ್ಕ ಎರಡು ಬೆಂಚು ಹಾಕಿಸಿದ್ದಾರೆ. ನಿಮ್ಮಪ್ಪ ದಿನಾ ಸಂಜೆ ಒಂದರಲ್ಲಿ ಕೂರುತ್ತಾರೆ. ಇನ್ನೊಂದು ಖಾಲಿ ಇರುತ್ತದೆ. ನಾನು ಏನೂ ಕೇಳದೆ ಅಲ್ಲಿ ಹೋಗಿ ಕೂತರೆ ಅವರ ಹಕ್ಕಿಗೆ ಅಡ್ಡಿಯಾಗುತ್ತದೆಯೇ? ನೀನು ಬಲ್ಲವಳು, ಯೋಚಿಸಿ ಬರೆ.