ಅಜ್ಜಿ ಹಿಡಿದ ಪಿಂಗಾಣಿ ಕಪಾಟು

ಅಕ್ಕಾ,

ನನ್ನ ಕೆಮ್ಮು ವಾಸಿಯಾಗಿದೆ, ಚಿಂತೆ ಬೇಡ. ಈ ಹಳೇ ಬಂದರಿಗೆ ದೊಡ್ಡ ಪ್ರವಾಸಿ ಹಡಗುಗಳು ಇನ್ನು ಬರುವಂತಿಲ್ಲವಂತೆ. ಅವು ಬಂದರೆ ಅವುಗಳ ನೆರಳಿಗೆ ನಮ್ಮ ಓಣಿಗೆಲ್ಲ ಕತ್ತಲು ಕವಿದು, ಇಂಜಿನ್ ಸದ್ದಿಗೆ ಗೋಡೆಗಳು ಗಡಗಡ ನಡುಗುತ್ತಿದ್ದವು. ಮನೆ ಓನರ್ ಅಜ್ಜಿ ತಮ್ಮ ಪಿಂಗಾಣಿ ಪಾತ್ರೆಗಳ ಕಪಾಟನ್ನು ಎರಡೂ ಕೈಯಲ್ಲಿ ಅವುಚಿ ನಿಲ್ಲುತ್ತಿದ್ದರು. ಇವತ್ತೂ ಹಡಗಿನ ಹೊತ್ತಿಗೆ ಸರಿಯಾಗಿ ಬಂದು ಅವುಚಿ ನಿಂತರು! "ಇನ್ನು ಬರಲ್ಲ ಅಜ್ಜೀ, ಬಿಡಿ" ಎಂದೆ. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆಮೇಲೆ ಅಜ್ಜಿ, "ಹಡಗಿನವರ ಬಟ್ಟೆ ಹೊಲಿದೇ ಅಲ್ವಾ ನಿನ್ನ ಜೀವನ ನಡೀತಿದ್ದಿದ್ದು? ಇನ್ನೇನಮ್ಮಾ ಮಾಡ್ತೀಯ?" ಎಂದರು. ಕಪಾಟು ಬಿಟ್ಟು ಅದೇ ಎರಡು ಕೈಯಲ್ಲಿ ನನ್ನನ್ನು ಹಿಡಿದುಕೊಂಡರು.

ಕಾಗದದಲ್ಲಿ ಜಾಗ ಮುಗಿಯಿತು. ಈ ತಿಂಗಳು ದುಡ್ಡು ಕಳಿಸುವುದು ತಡವಾಗಬಹುದು. ಅಮ್ಮನಿಗೆ ನಾವು ನಕ್ಕೆವು ಎಂಬಲ್ಲಿಯವರೆಗೆ ಮಾತ್ರ ಓದಿ ಹೇಳು.

ನಿನ್ನ ತಂಗಿ