ಜೊತೆಗೆ ಬಂದವರು

ಸಿದ್ದಾಪುರ, ಜುಲೈ ೨೦೦೪

ವಿಘ್ನೇಶ್ವರ ಸರ್,

ಫ್ಯಾಮಿಲಿ ಮೆಡಿಸಿನ್ ಕಲಿಯಲು ನನ್ನ ಬಳಿ ಬಂದಿರುವ ಡಾಕ್ಟರ್ ನಮಿತಾ, ಇವತ್ತು ಮನ್ಮನೆ ಊರಿನ ಸೊಸೆಯೊಬ್ಬಳನ್ನು ಕಾಲು ಗಂಟೆ ವಿಚಾರಿಸಿದಳು. ಉತ್ತರವೆಲ್ಲ ಅತ್ತೆಯದೇ: "ಅದಕ್ಕೆ ಎಂತ ಇಲ್ಲೆ, ಬರೀ ಪಿತ್ತ." ನೀವು ನನಗೆ ಕಲಿಸಿದಂತೆ, ಹಳೇ ಚೀಟಿ ಹುಡುಕಿಸಿ ತನ್ನಿ ಎಂದು ಅತ್ತೆಯನ್ನು ಕೌಂಟರಿಗೆ ಕಳಿಸಿದೆ. ಅವರು ಬಾಗಿಲು ದಾಟಿದ್ದೇ ತಡ, ಹುಡುಗಿ ಬಿಕ್ಕಿದಳು: "ಎರಡು ತಿಂಗಳಾತು, ಕಣ್ಣಿಗೆ ನಿದ್ದೆ ಇಲ್ಲೆ."

"ಇದು ಯಾವ ಪುಸ್ತಕದಲ್ಲಿದೆ ಮೇಡಂ?" ಎಂದಳು ನಮಿತಾ. ನಿಮ್ಮ ಹೆಸರು ಹೇಳಿದೆ.

ನೀವು ತೀರಿಕೊಳ್ಳುವ ಹದಿನೈದು ದಿನ ಮೊದಲು ರೋಗಿಗಳ ಇದೇ ಸ್ಟೂಲಿನ ಮೇಲೆ ಕೂತಿದ್ದಿರಿ. "ಅಪ್ಪಯ್ಯಂಗೆ ಬರೀ ಗ್ಯಾಸು" ಎಂದ ನಿಮ್ಮ ಮಗ. ನೀವು ನನ್ನನ್ನೇ ನೋಡುತ್ತಿದ್ದಿರಿ. ಹೊರಗೆ ಸಾಲು ಉದ್ದವಿತ್ತು. ಮಾತ್ರೆ ಬರೆದು, ಇಬ್ಬರನ್ನೂ ಒಟ್ಟಿಗೇ ಕಳಿಸಿಬಿಟ್ಟೆ.